ಬಣ್ಣವಿಲ್ಲದ ಕೋಟಿನ ಹಿಂದೆ ವೂಲಿಚ್‌ವರೆಗೆ

ಶನಿವಾರ ಬೆಳಿಗ್ಗೆ ಇಲ್ಫರ್ಡಿನ ಮನೆಗೆ ಬೀಗ ಹಾಕಿ ಹೊರಟೆ. ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಗೇಟಿನಿಂದ ಹಿಂದಿರುಗಿ ಬಂದು ಬಾಗಿಲು ದೂಡಿ ನೋಡಿದೆ. ಬಿದ್ದಿತ್ತು. ಮಳೆಯೂ ಇರಲಿಲ್ಲ. ಅಷ್ಟರಮಟ್ಟಿಗೆ ತಾಯಿ ಬನಶಂಕರಿ ಕೈಬಿಟ್ಟಿಲ್ಲ ಎಂದುಕೊಂಡು ಸ್ಟೇಷನ್ನಿನ ಕಡೆ ಕಾಲು ಹಾಕಿದೆ.

ಧಾರವಾಡ ಬಿಟ್ಟು ಈ ಊರಿಗೆ ಬಂದು ವರ್ಷಗಳಾಗಿದ್ದರೂ ನಾನು ಒಬ್ಬಳೇ ರೈಲು ಹತ್ತಿದವಳಲ್ಲ. ತರಕಾರಿ ಅಂಗಡಿ, ಡಾಕ್ಟರ ಕ್ಲಿನಿಕ್ಕು, ದೇವಸ್ಥಾನ ಎಲ್ಲ ಕಾಲ್ನಡಿಗೆಯಲ್ಲೇ ಮುಗಿಯುತ್ತವೆ. ಅದಕ್ಕೂ ಆಚೆಗೆ ಯಜಮಾನರ ಕಾರು. ಆ ದಿನ ಅವರ ಆಫೀಸಿನಲ್ಲಿ ಏನೋ ಸಿಸ್ಟಮ್ ಬದಲಿಸುವ ಕೆಲಸವಿತ್ತು. ನಸುಕಿನಲ್ಲೇ ಹೋಗಿದ್ದರು, ಫೋನು ಎತ್ತುತ್ತಿರಲಿಲ್ಲ. ನಾನು ಹೋಗಬೇಕಾದದ್ದು ವೂಲಿಚ್‌ಗೆ, ಥೇಮ್ಸ್ ನದಿಯ ಆಚೆ ದಂಡೆಗೆ. ಅಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶದ ಫ್ಯಾಷನ್ ಡಿಸೈನರುಗಳೆಲ್ಲ ಸೇರಿ ತಮ್ಮ ಬಟ್ಟೆಗಳ ಪ್ರದರ್ಶನ ಇಟ್ಟುಕೊಂಡಿದ್ದರು. ನನ್ನ ಮಗಳು ಸಹನಾ ಅವರಲ್ಲೊಬ್ಬಳಾದ ಮಾರಿಟ್ ಎಂಬುವಳ ಹತ್ತಿರ ಕೆಲಸಕ್ಕಿದ್ದಾಳೆ. ಕೆಲಸವೆಂದರೆ ಇನ್ನೂ ಪಕ್ಕಾ ಆದದ್ದಲ್ಲ. ಈ ಶೋ ಮುಗಿದ ಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತೇನೆ ಎಂದಿದ್ದಳಂತೆ ಆ ತಾಯಿ. ಟೆಕ್ಸ್‌ಟೈಲ್ ಓದಿದ ಮಗಳು ಎಷ್ಟೋ ಬಾಗಿಲು ತಟ್ಟಿದ್ದಳು, ಕೊನೆಗೆ ತೆರೆದ ಬಾಗಿಲು ಇದೊಂದೇ.

ಆ ಬಾಗಿಲನ್ನು ನಾನೇ ಮುಚ್ಚಿಬಿಟ್ಟೆನೇನೋ ಎಂಬುದು ನನ್ನ ಹೆದರಿಕೆ.

ಆಗಿದ್ದಿಷ್ಟು. ಹಿಂದಿನ ಸಂಜೆ ಸಹನಾ ಒಂದು ಕೋಟು ಮನೆಗೆ ತಂದು ಮರದ ಗುಂಡಿ ಹಚ್ಚುತ್ತ ಕೂತಿದ್ದಳು. ನೋಡಿದರೆ ಹೊಸ ಗೋಣಿಚೀಲದ ಬಣ್ಣದ ನಾರಿನ ಬಟ್ಟೆ. ಏನಿದು ಎಂದರೆ ‘ನಾಳೆ ಶೋಕ್ಕ’ ಎಂದಳು. ಅವಳೇ ಹಾಕಿಕೊಳ್ಳುವುದು ಎಂದು ತಿಳಿದೆ. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕೋಟನ್ನು ದೇವರ ಮುಂದಿಟ್ಟು, ಒಳಗಡೆ ಕೆಳಅಂಚಿನಲ್ಲಿ ಬೆರಳಷ್ಟು ಅರಿಶಿನ ಹಚ್ಚಿದೆ. ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಮೈಮೇಲೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಗಡಿಬಿಡಿಯಲ್ಲಿ ಅದನ್ನು ಚೀಲಕ್ಕೆ ತುಂಬಿಕೊಂಡು ಹೋದಳು. ಆಮೇಲೆ ಹೇಳಲೆಂದು ನಾನೇ ಫೋನು ಮಾಡಿದೆ.

“ಕೋಟ್ ಹಾಕ್ಕೊಂಡೇನವಾ? ಹೊಸಾದಲ್ಲಾ, ಅರಿಶಿಣ ಹಚ್ಚೀನಿ ನೋಡು.”

ಆ ಕಡೆ ಚೀಲದ ಜಿಪ್ಪು ಎಳೆದ ಸದ್ದು. ಆಮೇಲೆ, “ಅಮ್ಮಾ, ಅದು ನಂದಲ್ಲ! ಮಾರಿಟ್‌ದು. ಶೋದ ಲಾಸ್ಟ್ ಪೀಸ್ ಅದು. ಎಲ್ಲಿ ಹಚ್ಚೀ?”

“ಒಳಗವಾ, ಅಂಚಿಗೆ, ಇಷ್ಟ...”

“ಓ ಗಾಡ್. ನೋ ಕಲರ್ ಅಮ್ಮಾ! ಹೋಲ್ ಕಲೆಕ್ಷನ್‌ದಾಗ ಒಂದ ಕಲರ್ ಇಲ್ಲ, ಅದ ಅಕೀದು ಐಡಿಯಾನ...”

ಯಾರೋ ಕರೆದರು, ಫೋನು ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಆರತಿಗೆ ಓಕುಳಿ ಕಲಸುವ ಹೆಂಗಸರಿಗೆಲ್ಲ ಗೊತ್ತಿರುವ ಮಾತು ಆಗ ನನಗೆ ನೆನಪಾಯಿತು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪು. ಸೋಪು ತಾಗಿದರೂ ಅಷ್ಟೇ. ಈ ಹುಡುಗಿ ಗಾಬರಿಯಲ್ಲಿ ಸೋಪು ಹಚ್ಚಿದಳೆಂದರೆ ಹಳದಿ ಇದ್ದದ್ದು ರಕ್ತವಾಗುತ್ತದೆ. ‘ಸೋಪ್ ಹಚ್ಚಬ್ಯಾಡ’ ಎಂದು ಮೆಸೇಜು ಹಾಕಿದೆ. ಒಂದೇ ಗೀಟು ಬಿತ್ತು, ತಲುಪಿತೆನ್ನುವ ಎರಡನೆಯದು ಬೀಳಲಿಲ್ಲ. ಅದಕ್ಕೇ ಹೊರಟೆ.

ಇಲ್ಫರ್ಡ್ ಸ್ಟೇಷನ್ನಿನಲ್ಲಿ ಕಾರ್ಡು ಮುಟ್ಟಿಸಿದರೆ ಗೇಟು ತೆರೆಯಿತು. ಎಲಿಜಬೆತ್ ಲೈನಿನ ರೈಲು ತಕ್ಷಣ ಬಂತು, ಕಿಟಕಿಯ ಸೀಟೂ ಸಿಕ್ಕಿತು. ಸಿಕ್ಕ ಸೀಟಿನ ತುದಿಯಲ್ಲಿ ಕೂತಿದ್ದೆ, ಯಾರಾದರೂ ಏಳು ಎಂದಾರು ಎನ್ನುವವಳ ಹಾಗೆ. ವೈಟ್‌ಚಾಪೆಲ್‌ನಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕೆಂದು ಸಹನಾ ಯಾವಾಗಲೋ ಅಪ್ಪನಿಗೆ ಹೇಳಿದ್ದು ಕಿವಿಯಲ್ಲಿತ್ತು. ಸ್ಟ್ರಾಟ್‌ಫರ್ಡ್ ದಾಟಿದ ಮೇಲೆ ರೈಲು ನೆಲದೊಳಗೆ ಹೊಕ್ಕಿತು. ಕಿಟಕಿಯಲ್ಲಿ ನನ್ನ ಮುಖವೇ ಕಂಡಿತು. ಹಣೆಯಲ್ಲಿ ಕುಂಕುಮ, ಕೆಳಗೆ ಬಾಯಿ ಒಣಗಿದ ಹೆಂಗಸು. ಅವಳನ್ನು ನೋಡಲಾರದೆ ಕಣ್ಣು ಮುಚ್ಚಿ ಸ್ತೋತ್ರ ಹೇಳಿಕೊಂಡೆ. ನಾಲಿಗೆಗೆ ದಿನಾ ಬರುವ ಸ್ತೋತ್ರ ಅಂದು ನಡುವೆ ನಡುವೆ ತಪ್ಪುತ್ತಿತ್ತು.

ವೈಟ್‌ಚಾಪೆಲ್‌ನಲ್ಲಿ ಇಳಿದು ಎದುರು ಪ್ಲಾಟ್‌ಫಾರ್ಮಿಗೆ ಹೋದೆ. ಬಂದ ರೈಲು ಹತ್ತಿದೆ. ಯಾವ ಊರಿಗೆ ಹೋಗುವುದೆಂದು ಮೇಲೆ ಬರೆದಿರುತ್ತದೆ, ಅದನ್ನು ಓದುವಷ್ಟು ಸಮಾಧಾನ ಯಾರಿಗಿತ್ತು? ರೈಲು ಕತ್ತಲಿನಿಂದ ಬೆಳಕಿಗೆ ಬಂದಾಗ ಹೊರಗೆ ನೋಡುತ್ತೇನೆ, ಮತ್ತೆ ಸ್ಟ್ರಾಟ್‌ಫರ್ಡ್! ನಮ್ಮ ಮನೆಯ ಕಡೆಗೇ ಹೊರಟಿದ್ದೆ. ಹಾರಿದಂತೆ ಇಳಿದು ಪ್ಲಾಟ್‌ಫಾರ್ಮಿನ ಕಂಬ ಹಿಡಿದು ನಿಂತೆ. “ತಾಯಿ ಬನಶಂಕರಿ, ಎಲ್ಲಿ ತಂದು ಬಿಟ್ಟಿ ನನ್ನ” ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ.

“ಕನ್ನಡದವ್ರಾ ಆಂಟಿ?”

ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡ ಒಬ್ಬ ಗೃಹಸ್ಥ. ತಲೆಯಲ್ಲಿ ಅರ್ಧ ಕೂದಲಿಲ್ಲ, ನನ್ನನ್ನು ಆಂಟಿ ಎನ್ನುತ್ತಾನೆ. ಬೆಂಗಳೂರಿನವನಂತೆ, ಕೊಲಿಂಡೇಲ್‌ನಲ್ಲಿ ಫ್ಲಾಟು. ವೂಲಿಚ್ ಎಂದೆ. ನಾನು ಬಂದ ದಾರಿ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ.

“ಇಲ್ಫರ್ಡಿಂದ ಸ್ಟ್ರಾಟ್‌ಫರ್ಡ್ ದಾಟ್ಕೊಂಡು ಹೋಗಿ, ವಾಪಸ್ ಸ್ಟ್ರಾಟ್‌ಫರ್ಡಿಗೇ ಬಂದ್ರಾ? ತಲೆ ಸುತ್ತಿ ಮೂಗು ಹಿಡ್ದಂಗಾಯ್ತಲ್ಲ ಆಂಟಿ! ಮೊದಲೇ ಇಲ್ಲಿ ಇಳ್ದು ಡಿಎಲ್‌ಆರ್ ರೈಲು ಹಿಡ್ದಿದ್ರೆ ಇಷ್ಟೊತ್ತಿಗೆ ವೂಲಿಚ್‌ನಲ್ಲಿ ಕಾಫಿ ಕುಡೀತಿದ್ರಿ.”

“ನಗಬ್ಯಾಡ್ರೀಪಾ. ನನ್ನ ಜೀವ ಇಲ್ಲಿ ಹೊಯ್ದಾಡಾಕತ್ತೈತಿ.”

“ಅಯ್ಯೋ ಸಾರಿ, ಬನ್ನಿ ಬನ್ನಿ,” ಎಂದು ಅವನು ನಗು ನುಂಗಿ, ತನ್ನ ರೈಲು ಬಿಟ್ಟು, ನನ್ನನ್ನು ಡಿಎಲ್‌ಆರ್ ನಿಲ್ಲುವ ಜಾಗದವರೆಗೂ ಕರೆತಂದು ಹತ್ತಿಸಿದ. “ಕೊನೇ ಸ್ಟಾಪು. ನೀವಾಗೇ ಇಳೀಬೇಡಿ, ರೈಲೇ ಇಳಿಸತ್ತೆ.” ಹೆಸರು ಕೇಳುವುದನ್ನೂ ಮರೆತೆ. ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಖಾಲಿಯಿತ್ತೆಂದು ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕೂತೆ. ಎದುರಿಗೆ ಬರೀ ಗಾಜು, ಗಾಜಿನಾಚೆ ಹಳಿ. ಡ್ರೈವರ್ ಎಲ್ಲಿ? ಡ್ರೈವರ್ ಇಲ್ಲ! ಬಾಗಿಲು ಮುಚ್ಚಿ ರೈಲು ತಾನೇ ಹೊರಟಿತು. ಪಕ್ಕದಲ್ಲಿ ಕೂತ ಮುದುಕಿ ನನ್ನ ಮುಖ ನೋಡಿ, ಈ ರೈಲಿಗೆ ಡ್ರೈವರೇ ಇರುವುದಿಲ್ಲ ಡಾರ್ಲಿಂಗ್, ಕಂಪ್ಯೂಟರು ಓಡಿಸುತ್ತದೆ ಎಂದು ಸಮಾಧಾನ ಹೇಳಿದಳು. ಸಮಾಧಾನವಾಗುವುದಿರಲಿ, ಇದ್ದ ಧೈರ್ಯವೂ ಹೋಯಿತು. ಹಳಿ ಎಡಕ್ಕೆ ತಿರುಗಿದಾಗ ನಾನೇ ಸೀಟಿನ ಕಂಬಿಯನ್ನು ಎಡಕ್ಕೆ ಎಳೆಯುತ್ತಿದ್ದೆ. ಕ್ಯಾನಿಂಗ್ ಟೌನ್ ಆದ ಮೇಲೆ ಹಳೆಯ ಹಡಗುಕಟ್ಟೆಗಳ ಬೂದು ನೀರು, ಹೊಸ ಫ್ಲಾಟುಗಳ ಸಾಲು, ಆಮೇಲೆ ಸಿಟಿ ಏರ್‌ಪೋರ್ಟು. ಒಂದು ವಿಮಾನ ನಮ್ಮ ತಲೆಯ ಮೇಲೇ ಇಳಿಯುತ್ತದೇನೋ ಎನ್ನುವಷ್ಟು ತಗ್ಗಾಗಿ ಬಂತು. ಆಕಾಶದಲ್ಲಿ ಅಂಗೈಯಷ್ಟೂ ಬಿಸಿಲಿರಲಿಲ್ಲ. ನಾನು ಇಡೀ ದಾರಿ ಹುಡುಕಿದ್ದು ಬಿಸಿಲನ್ನೇ. ಅರಿಶಿನದ ಕಲೆಗೆ ಬಿಸಿಲೊಂದೇ ಮದ್ದು. ಕೊನೆಗೆ ರೈಲು ನದಿಯ ಅಡಿಗೆ ಹೊಕ್ಕು, ಆಚೆ ದಂಡೆಯ ವೂಲಿಚ್‌ನಲ್ಲಿ ನಿಂತಿತು. ಫೋನು ನೋಡಿದೆ. ಇನ್ನೂ ಒಂದೇ ಗೀಟು.

ಪ್ರದರ್ಶನವಿದ್ದದ್ದು ನದಿಯ ಹತ್ತಿರದ ಹಳೆಯ ಇಟ್ಟಿಗೆ ಕಟ್ಟಡದಲ್ಲಿ. ಹಿಂದೆ ಅಲ್ಲೆಲ್ಲ ತೋಪು ಮದ್ದುಗುಂಡು ಮಾಡುತ್ತಿದ್ದರಂತೆ. ಬಾಗಿಲಲ್ಲಿ ನಿಂತವನು ಟಿಕೆಟ್ ಎಂದ. ‘ಡಾಟರ್ ಇನ್‌ಸೈಡ್’ ಎಂದೆ. ನನ್ನದು ಅಂಗಡಿಯಲ್ಲಿ ಕಲಿತ ಇಂಗ್ಲಿಷು. ಅವನಿಗೆ ಅರ್ಥವಾಗದೆ ಒಳಗಿನಿಂದ ಒಬ್ಬಳನ್ನು ಕರೆದ. ಕೆಂಪು ಕಪ್ಪು ಪಟ್ಟೆಗಳ ಉದ್ದನೆ ಉಣ್ಣೆಯ ಲಂಗ, ಕಾಲಿಗೆ ಓಡುವ ಬೂಟು, ಬೆಳ್ಳಗಿನ ಹುಬ್ಬು. ಲೀಸ್ ಎಂದು ಹೆಸರು ಹೇಳಿಕೊಂಡಳು, ಎಸ್ಟೋನಿಯಾದವಳೇ. ಸಹನಾಳ ಹೆಸರು ಹೇಳುತ್ತಲೇ, “ಓ, ಮಾರಿಟ್‌ಳ ಹುಡುಗಿ!” ಎಂದು ಒಳಗೆ ಬಿಟ್ಟುಕೊಂಡಳು. ಹಿಂದಿನ ಕೋಣೆಗೆ ಈಗ ಯಾರನ್ನೂ ಬಿಡುವುದಿಲ್ಲ, ಮಾರಿಟ್‌ಳನ್ನು ಒಂದು ಮಾತು ಕೇಳಿ ಬರುತ್ತೇನೆ, ಇಲ್ಲೇ ಬಟ್ಟೆ ನೋಡುತ್ತಿರಿ ಎಂದು ಹೋದಳು.

ನೋಡಿದೆ, ಕಣ್ಣು ಬಟ್ಟೆಯ ಮೇಲೆ, ಮನಸ್ಸು ಹಿಂದಿನ ಕೋಣೆಯಲ್ಲಿ. ನಮ್ಮ ಕಡೆ ಹಳೆಯ ಸೀರೆಗಳಿಂದ ಕೌದಿ ಹೊಲಿದ ಹಾಗೆ, ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನೇ ಜೋಡಿಸಿದ ಅಂಗಿಗಳು. ಕಂಬಳಿಯಷ್ಟು ದಪ್ಪದ, ಕುರಿಯ ಮೈಮೇಲಿನ ಬಣ್ಣವನ್ನೇ ಉಳಿಸಿಕೊಂಡ ಕೋಟುಗಳು. ಒಂದು ಕಪ್ಪು ಕೋಟಿನ ಜೇಬಿನಿಂದ ದಾರ ಇಳಿಬಿದ್ದು, ತುದಿಯಲ್ಲಿ ಹೊಳೆಯುವ ಬಿಲ್ಲೆ ತೂಗುತ್ತಿತ್ತು. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನವೇ ಕತ್ತಲಂತೆ. ನಡೆಯುವವರು ಗಾಡಿಗಳ ಕಣ್ಣಿಗೆ ಬೀಳಲಿ ಎಂದು ಇಂಥದ್ದು ಕಟ್ಟಿಕೊಳ್ಳಲೇಬೇಕೆಂಬ ಕಾನೂನು ಇದೆಯಂತೆ. ಡಿಸೈನರುಗಳು ಅದನ್ನೇ ಒಡವೆ ಮಾಡಿದ್ದರು. ನಮ್ಮ ದೃಷ್ಟಿಮಣಿ ಕಣ್ಣು ಬೀಳದಿರಲಿ ಎಂದು. ಇವರದು ಬೀಳಲಿ ಎಂದು.

ಲೀಸ್ ಹಿಂದಿರುಗಿ ಬಂದು, ಮಾರಿಟ್ ಬೇರೆ ಕಡೆ ಇದ್ದಾಳೆ, ಸ್ವಲ್ಪ ತಾಳಿ ಎಂದಳು. ನಾನು ಅವಳ ಲಂಗ ನೋಡುತ್ತಿದ್ದುದನ್ನು ಕಂಡು, ಇದು ಅಜ್ಜಿಯದು ಎಂದಳು. ಕಿಹ್ನು ಎಂಬ ದ್ವೀಪದ ಹೆಂಗಸರು ಉಡುವುದಂತೆ. ಸಂತೋಷವಿದ್ದಾಗ ಪಟ್ಟೆಯಲ್ಲಿ ಕೆಂಪು ಜಾಸ್ತಿ. ಮನೆಯಲ್ಲಿ ಸಾವಾದರೆ ಕಪ್ಪು ಲಂಗ, ದುಃಖ ಕಡಿಮೆಯಾಗುತ್ತ ಹೋದ ಹಾಗೆ ಒಂದೊಂದೇ ಕೆಂಪು ಪಟ್ಟೆ ಮತ್ತೆ ಬರುತ್ತದೆ. ಮದುವೆಯಾದವಳು ಮೇಲೊಂದು ಏಪ್ರನ್ ಕಟ್ಟುತ್ತಾಳೆ. ನಾನು ಕಾಲುಂಗುರ ತೋರಿಸಿದೆ. “ಹಾ, ಅದೇ!” ಎಂದು ನಕ್ಕಳು. ನನಗೂ ಆ ದಿನ ಮೊದಲ ಸಲ ಉಸಿರು ಸಲೀಸಾಗಿ ಬಂತು. ಆ ಧೈರ್ಯದಲ್ಲಿ ಕೇಳಿದೆ, ಮಾರಿಟ್ ಕೋಪದವಳೇ?

“ಮಾರಿಟ್ ಕೂಗಾಡುತ್ತಾಳೆ. ಎಲ್ಲರಿಗೂ ಅಭ್ಯಾಸವಾಗಿದೆ,” ಎಂದಳು. “ಅವಳು ಸುಮ್ಮನಾದರೆ ಮಾತ್ರ ನಾವು ಹೆದರುತ್ತೇವೆ.” ಆಮೇಲೆ ನಗುತ್ತಲೇ ಇನ್ನೊಂದು ಹೇಳಿದಳು. “ನಮ್ಮ ದೇಶ ಇಷ್ಟೇ ಇಷ್ಟು. ಡಿಸೈನರುಗಳೆಲ್ಲ ಒಂದೇ ಮನೆಯವರಿದ್ದ ಹಾಗೆ. ಬೆಳಿಗ್ಗೆ ಒಬ್ಬರು ಯಾರನ್ನಾದರೂ ಬೇಡ ಎಂದರೆ ಸಂಜೆಯೊಳಗೆ ಎಲ್ಲರೂ ಬೇಡ ಎನ್ನುತ್ತಾರೆ.”

ಮುಗಿಯಿತು ಎಂದುಕೊಂಡೆ. ಹುಬ್ಬಳ್ಳಿ ಧಾರವಾಡ ಸೇರಿಸಿದಷ್ಟು ಜನರಿರುವ ದೇಶ. ನಮ್ಮಲ್ಲಿ ಒಂದು ಓಣಿಯ ಸುದ್ದಿ ಇನ್ನೊಂದು ಓಣಿಗೆ ಹೋಗಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿಲ್ಲವೇ? ಕಾಲು ನಿಲ್ಲಲಿಲ್ಲ. ಲೀಸ್ ಯಾರೊಂದಿಗೋ ಮಾತಿಗೆ ತಿರುಗಿದಾಗ ಪರದೆ ಸರಿಸಿ ಹಿಂದಿನ ಕೋಣೆಗೆ ನುಗ್ಗಿಬಿಟ್ಟೆ.

ಇಸ್ತ್ರಿಯ ಹಬೆ, ತಲೆಗೂದಲಿನ ಸ್ಪ್ರೇ, ಬಡಕಲು ಬಡಕಲು ಹುಡುಗಿಯರು. ಮೂಲೆಯಲ್ಲಿ ಸಹನಾ ಆ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಮುಖ ನೋಡಿದರೇ ಸಾಕಾಗಿತ್ತು. ಹತ್ತಿರ ಹೋಗಿ ಅಂಚು ಮಗುಚಿದೆ. ಬೆರಳಷ್ಟು ಇದ್ದದ್ದು ಅಂಗೈಯಷ್ಟಾಗಿತ್ತು. ಕೆಂಪು. ನೀರು ತಾಗಿ ಹೊರಬದಿಗೂ ಬಂದಿತ್ತು.

“ಟಾಯ್ಲೆಟ್ಟಿನಾಗಿನ ಹ್ಯಾಂಡ್‌ವಾಶ್ ಹಚ್ಚಿದೆ,” ಎಂದಳು. ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು. “ಇಟ್ ಟರ್ನ್ಡ್ ರೆಡ್, ಅಮ್ಮಾ. ಯಾಕ ರೆಡ್ ಆತು?”

“ಮೆಸೇಜ್ ಹಾಕಿದ್ದೆನಲ್ಲವಾ...”

“ಫೋನ್ ಬ್ಯಾಗಿನಾಗೈತಿ. ಬ್ಯಾಗ್ ಎಲ್ಲಿ ಐತೋ ಗೊತ್ತಿಲ್ಲ. ನೀ ಯಾಕ ಬಂದಿ? ಹೆಂಗ ಬಂದಿ?”

ಹೇಳುವುದರೊಳಗೆ ಮಾರಿಟ್ ಬಂದಳು. ನನಗಿಂತ ಕುಳ್ಳಿ, ಬೆಳ್ಳಿ ಕೂದಲು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಕೋಟು ನೋಡಿದಳು. ಒಂದೊಂದೇ ಸೂಜಿ ತೆಗೆದು ತೋಳಿನ ಬಟ್ಟೆಗೆ ಚುಚ್ಚಿಕೊಂಡಳು. ಕೂಗಲಿಲ್ಲ.

ಸಹನಾ ಎದ್ದು ನಿಂತು ಇಂಗ್ಲಿಷಿನಲ್ಲಿ, ತಪ್ಪು ನನ್ನದು, ಊಟ ಮಾಡುವಾಗ ಚೆಲ್ಲಿದೆ ಎಂದಳು. ಬಟ್ಟೆಯಿದ್ದ ಕಡೆ ಊಟದ ಡಬ್ಬಿ ತೆರೆಯಬಾರದೆಂಬುದು ಅವರ ಮೊದಲ ನಿಯಮ ಎಂದು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದಳು. ಆ ನಿಯಮ ಮುರಿದವಳು ಎಂಬ ಹೆಸರನ್ನು ನನ್ನ ಸಲುವಾಗಿ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ನಾನು ಬಾಯಿ ತೆರೆದೆ.

“ಸುಮ್ನಿರಮ್ಮಾ,” ಎಂದಳು ಹಲ್ಲು ಕಚ್ಚಿ. “ಮನ್ಯಾಗ ನೀ ಮುಟ್ಟೀ ಅಂದ್ರ ಇನ್ನ ಯಾವ ಕೆಲಸಾನೂ ಮನಿಗೆ ಕೊಡಂಗಿಲ್ಲ. ಮುಗೀತು.”

ಸುಮ್ಮನಿರಲು ನೋಡಿದೆ. ಆಗಲಿಲ್ಲ. ದೇವರ ಅರಿಶಿನವನ್ನು ಎಂಜಲು ಎನ್ನುತ್ತಿದ್ದಾಳೆ, ತನ್ನ ಅನ್ನ ತಾನೇ ಕಳೆದುಕೊಳ್ಳುತ್ತಿದ್ದಾಳೆ, ಎರಡನ್ನೂ ನೋಡಿಕೊಂಡು ಹೇಗೆ ನಿಲ್ಲಲಿ? “ನಾಟ್ ಫುಡ್,” ಎಂದೆ. “ಗಾಡ್. ಮೈ ಹ್ಯಾಂಡ್. ನ್ಯೂ ಕ್ಲಾತ್, ಫಸ್ಟ್ ಗಾಡ್. ಶಿ ಡೋಂಟ್ ನೋ.”

ಮಾರಿಟ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಂದೇ ಒಂದು ಕೇಳಿದಳು. ಇದು ಹೋಗುತ್ತದೆಯೇ?

“ಸನ್,” ಎಂದೆ.

ಎತ್ತರದ ಕಿಟಕಿಗಳ ಕಡೆ ಅವಳೂ ನೋಡಿದಳು, ನಾನೂ ನೋಡಿದೆ. ಬೂದಿ ಸಾರಿಸಿದ ಹಾಗಿತ್ತು ಆಕಾಶ.

ಅವಳು ಕತ್ತರಿ ತೆಗೆದುಕೊಂಡಳು. ಕೋಟಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ‘ಹಿಡಿ’ ಎಂದಳು. ಇನ್ನೊಂದು ತುದಿ ಸಹನಾಳಿಗೆ. ಇನ್ನೂ ಯಾರ ಮೈಯನ್ನೂ ಮುಟ್ಟದ ಹೊಸ ಬಟ್ಟೆಗೆ ಕತ್ತರಿ ಹಾಕುವುದು ಒಳ್ಳೆಯದಲ್ಲ. ನಾನು ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಕರಕರ ಸದ್ದು ಒಂದು ಬದಿಯಿಂದ ಇನ್ನೊಂದು ಬದಿಗೆ ನನ್ನ ಕೈಯವರೆಗೂ ಬಂತು. ಕಣ್ಣು ತೆರೆದಾಗ ಗೇಣಷ್ಟು ಅಂಚು ಪೂರ್ತಿ ನೆಲದ ಮೇಲಿತ್ತು, ಕೋಟು ಮೊಣಕಾಲಿಗೆ ಬಂದಿತ್ತು, ಕೆಳಗೆ ನಾರು ನಾರಾಗಿ ಎಳೆ ಜೋತಾಡುತ್ತಿದ್ದವು. ಮಡಿಸಿ ಹೊಲಿಯಲು ಸಮಯವಿರಲಿಲ್ಲ. ಹೊರಗೆ ಆಗಲೇ ವಾದ್ಯ ಶುರುವಾಗಿತ್ತು. ಮಾರಿಟ್ ಆ ಕೋಟನ್ನು ಒಬ್ಬ ಹುಡುಗಿಗೆ ತೊಡಿಸಿ ಕರೆದುಕೊಂಡು ಹೋದಳು. ಸಹನಾಳ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಒಂದು ಬೈಗುಳ ಇಲ್ಲ. ಲೀಸ್ ಹೇಳಿದ ಮಾತು ನೆನಪಾಯಿತು.

ಪರದೆಯ ಸಂದಿಯಿಂದ ಶೋ ನೋಡಿದೆವು. ಒಬ್ಬೊಬ್ಬರಾಗಿ ಹುಡುಗಿಯರು ನಗುವಿಲ್ಲದ ಮುಖದಲ್ಲಿ ನಡೆದು ಹೋದರು. ಕೊನೆಗೆ ಆ ಕೋಟು ಬಂತು. ಹತ್ತಿರದಲ್ಲೇ ಕೂತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳು, ಇದೇನು ಹೊಲಿದು ಮುಗಿಸಿಲ್ಲವೇ ಎಂದು ಕೇಳಿದಳು. ಮುಗಿಸದಿರುವುದೇ ಇದರ ಅರ್ಥ ಎಂದು ಇನ್ನೊಬ್ಬಳು ತಿಳಿದವಳಂತೆ ಹೇಳಿದಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಸಹನಾಳ ಕೈ ಹಿಡಿದುಕೊಂಡೆ. ಬಿಡಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳೇ ಹಿಡಿದುಕೊಂಡಳು.

ಚಪ್ಪಾಳೆಯಾಯಿತು, ಜನ ಕರಗಿದರು. ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಕೆಲಸ. ಸಹನಾಳಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಮಾರಿಟ್ ಎರಡು ಸಲ ನಮ್ಮೆದುರಿಗೇ ಹಾದು ಹೋದಳು. ಸಿಕ್ಕ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಸಹನಾ, “ನಡೀ ಅಮ್ಮಾ, ಹೋಗೂಣು,” ಎಂದಳು.

“ಆ ತಾಯಿಗೆ ಹೇಳಿ ಬರಬೇಕವಾ.”

“ಏನಂತ ಹೇಳ್ಲಿ? ಶಿ ಈಸ್ ನಾಟ್ ಈವನ್ ಲುಕಿಂಗ್ ಅಟ್ ಮಿ.”

ಬಾಗಿಲವರೆಗೆ ಬಂದಿದ್ದೆವು. ಲೀಸ್ ಕೈಯೆತ್ತಿ ಟಾಟಾ ಮಾಡಿದಳು, ನನಗೆ ಕೈ ಏಳಲಿಲ್ಲ. ಆಗ ಹಿಂದಿನಿಂದ ಇಡೀ ಕಟ್ಟಡಕ್ಕೆ ಕೇಳುವಂಥ ಒಂದು ಕೂಗು ಬಂತು.

“ಸಹಾನಾ! ನೀನು ಎಲ್ಲಿಗೆ ಹೊರಟೆ? ಈ ಪೆಟ್ಟಿಗೆಗಳನ್ನೆಲ್ಲ ತುಂಬುವವರು ಯಾರು, ನನ್ನ ಅಜ್ಜಿಯಾ?” ಮಾರಿಟ್ ಎರಡೂ ಕೈ ಸೊಂಟಕ್ಕಿಟ್ಟು ನಿಂತಿದ್ದಳು. ಮುಖ ಕೆಂಪಗಾಗಿತ್ತು. “ಸೋಪು ಹಚ್ಚುವ ಮುಂಚೆ ನನ್ನನ್ನು ಕೇಳಬೇಕೆಂಬ ಬುದ್ಧಿ ಇರಲಿಲ್ಲವಾ? ನಾರಿನ ಬಟ್ಟೆಗೆ ಹ್ಯಾಂಡ್‌ವಾಶ್! ಕಾಲೇಜಿನಲ್ಲಿ ಇದನ್ನೇ ಕಲಿಸಿದರಾ? ಸುಳ್ಳು ಬೇರೆ! ಸೋಮವಾರ ಬೇಗ ಬಾ, ಆ ಅಂಚನ್ನು ನೀನೇ ಕೈಯಲ್ಲಿ ಹೊಲಿಯಬೇಕು, ಸರಿಯಾಗುವವರೆಗೆ ಬಿಚ್ಚಿ ಬಿಚ್ಚಿ ಹೊಲಿಸುತ್ತೇನೆ! ಇನ್ನು ಮನೆಗೆ ಒಂದು ಗುಂಡಿ ಕೂಡ ಒಯ್ಯಕೂಡದು!” ಆಮೇಲೆ ನನ್ನ ಕಡೆ ಬೆರಳು ಮಾಡಿ, “ಮತ್ತು ನೀವು! ನೀವು ಮನೆಗೆ ಹೋಗಿ!” ಎಂದಳು.

ಅಷ್ಟು ಜನರೆದುರು ಮಗಳನ್ನು ಬೈಯುತ್ತಿದ್ದರೆ ಯಾವ ತಾಯಿಗೆ ಹಿತವಾದೀತು? ನನಗೆ ಆಯಿತು. ಕೂಡು ಕುಟುಂಬದಲ್ಲಿ ಬಾಳಿದವಳು ನಾನು. ಬೇಡವಾದವರನ್ನು ಯಾರೂ ಬೈಯುವುದಿಲ್ಲ, ಬಾಗಿಲು ತೆರೆದು ಸುಮ್ಮನಿರುತ್ತಾರೆ. ಸಹನಾ ನನ್ನನ್ನು ನೋಡಿದಳು, ಬ್ಯಾಗು ಕೆಳಗಿಟ್ಟಳು. “ಬಲಕ್ಕ ಹೊಳ್ಳು ಅಮ್ಮಾ, ಎಲಿಜಬೆತ್ ಲೈನ್ ಅಲ್ಲೇ ಐತಿ. ಬೋರ್ಡ್ ಓದಿ ಹತ್ತು, ಪ್ಲೀಸ್,” ಎಂದು ಒಳಗೆ ಓಡಿದಳು.

ಹೊರಗೆ ಗಾಳಿ ಬೀಸುತ್ತಿತ್ತು, ನದಿಯ ಕೆಸರಿನ ವಾಸನೆ. ಒಬ್ಬಳೇ ಹಿಂದಿರುಗುವ ಹೆದರಿಕೆ ಆಗಲೇ ಶುರುವಾಗಿತ್ತು. ತಿರುವಿನಲ್ಲಿ ನಿಂತು ಒಂದು ಸಲ ಹಿಂದೆ ನೋಡಿದೆ. ಗಾಜಿನ ಬಾಗಿಲಿನಾಚೆ ನನ್ನ ಮಗಳು ನೆಲಕ್ಕೆ ಮೊಣಕಾಲೂರಿ ಕೋಟುಗಳನ್ನು ಮಡಿಸಿ ಪೆಟ್ಟಿಗೆಗೆ ಇಡುತ್ತಿದ್ದಳು. ಮಾರಿಟ್ ಅವಳ ತಲೆಯ ಮೇಲೆಯೇ ನಿಂತಿದ್ದಳು. ಸದ್ದು ಕೇಳಿಸುತ್ತಿರಲಿಲ್ಲ, ಬಾಯಿ ಮಾತ್ರ ಬಿಡುವಿಲ್ಲದೆ ಆಡುತ್ತಿತ್ತು. ಬೈಯವ್ವಾ, ಇನ್ನಷ್ಟು ಬೈ, ಎಂದು ಅಲ್ಲಿಂದಲೇ ಅವಳಿಗೆ ಕೈಮುಗಿದು ಸ್ಟೇಷನ್ನಿನ ದಾರಿ ಹಿಡಿದೆ.